ಕೆನಡಿ ಹತ್ಯೆ: ಗುಂಡಿನ ಮಾತು ಆಮೇಲೆ, ಮೊದಲು ಕಾರಿನ ಸೀಟು ನೋಡಿ

ಮತ್ತೆ ಅದೇ ಚಿತ್ರ! ನಿನ್ನೆ ನೋಡಿದ ಕನ್ನಡ ವಿಡಿಯೋದಲ್ಲೂ ಅಮೆರಿಕದ ಅಧ್ಯಕ್ಷ ಕೆನಡಿ ಮತ್ತು ಟೆಕ್ಸಾಸ್ ಗವರ್ನರ್ ಕಾನಲಿ ಒಬ್ಬರ ಹಿಂದೆ ಒಬ್ಬರು, ನೆಟ್ಟಗೆ, ಒಂದೇ ಎತ್ತರದಲ್ಲಿ ಕೂತಿದ್ದಾರೆ. ಕೆನಡಿಯ ಕತ್ತಿನಿಂದ ಹೊರಬಿದ್ದ ಗುಂಡು ಗಾಳಿಯಲ್ಲೇ ಬಲಕ್ಕೆ ಹೊರಳಿ, ಮತ್ತೆ ಎಡಕ್ಕೆ ಹೊರಳಿ ಕಾನಲಿಯ ಬೆನ್ನು ಹೊಗುತ್ತದೆ. ಒಂದೇ ಗುಂಡು ಇಬ್ಬರನ್ನೂ ದಾಟಿತು ಅನ್ನೋದು ಹತ್ಯೆಯ ತನಿಖೆ ಮಾಡಿದ ವಾರನ್ ಆಯೋಗದ ಮಾತು; ಇದು ಸಾಧ್ಯವೇ ಅಂತ ನಿರೂಪಕರ ಪ್ರಶ್ನೆ. ಸಾಧ್ಯವಿಲ್ಲ. ಯಾಕೆಂದರೆ ಅವರಿಬ್ಬರೂ ಹಾಗೆ ಕೂತಿರಲೇ ಇಲ್ಲ. ಈ ಚಿತ್ರ ಕಂಡರೆ ನಾನು ಎಷ್ಟು ರೇಗುತ್ತೇನೆ ಅನ್ನೋದು ಗೆಳೆಯರಿಗೆ ಗೊತ್ತೇ ಇದೆ.

1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಹೋಗುತ್ತಿದ್ದದ್ದು ಉದ್ದ ಮಾಡಿಸಿದ ಲಿಂಕನ್ ಕಾಂಟಿನೆಂಟಲ್ ಕಾರು. ಕೆನಡಿ ಹಿಂದಿನ ಸೀಟಿನ ಬಲತುದಿಯಲ್ಲಿ, ಬಾಗಿಲಿಗೆ ಒತ್ತಿಕೊಂಡು ಕೂತಿದ್ದರು. ಕಾನಲಿ ಕೂತಿದ್ದು ಅವರ ಮುಂದಿನ ಮಡಚುವ ಚಿಕ್ಕ ಸೀಟಿನಲ್ಲಿ. ಆ ಸೀಟು ಬಾಗಿಲಿನಿಂದ ಕೆಲವು ಇಂಚು ಒಳಗಿತ್ತು, ಹಿಂದಿನ ಸೀಟಿಗಿಂತ ಸುಮಾರು 3 ಇಂಚು ತಗ್ಗಾಗಿತ್ತು. ಜೊತೆಗೆ ಕಾನಲಿ ಬಲಕ್ಕೆ ಮೈ ತಿರುಗಿಸಿದ್ದರು. ಈಗ ಹಂತಕ ಲೀ ಹಾರ್ವೆ ಆಸ್ವಾಲ್ಡ್ ಗುಂಡು ಹಾರಿಸಿದ ಪುಸ್ತಕ ಗೋದಾಮಿನ 6ನೇ ಮಹಡಿಯ ಕಿಟಕಿಯಿಂದ ಒಂದು ಗೆರೆ ಎಳೆಯಿರಿ. ಕೆನಡಿಯ ಬೆನ್ನಿನ ಮೇಲ್ಭಾಗ, ಗಂಟಲು, ಕಾನಲಿಯ ಬಲಕಂಕುಳ ಪಕ್ಕದ ಬೆನ್ನು ಎಲ್ಲವೂ ಆ ಒಂದೇ ಗೆರೆಯ ಮೇಲೆ ಬರುತ್ತವೆ. ಗುಂಡು ಹೊರಳಬೇಕಾದ ಅಗತ್ಯವೇ ಇಲ್ಲ.

ಕಾನಲಿಯ ಬೆನ್ನಿನ ಗಾಯವೂ ಅದನ್ನೇ ಹೇಳುತ್ತದೆ. ಗುಂಡಿನ ಅಡ್ಡಳತೆ 6.5 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಗಾಯದ ಉದ್ದ ಸುಮಾರು 15 ಮಿ.ಮೀ. ನೇರವಾಗಿ ಬಂದು ಹೊಕ್ಕ ಗುಂಡು ದುಂಡನೆಯ ತೂತು ಮಾಡುತ್ತದೆ. ಉದ್ದನೆಯ ತೂತು ಬಿತ್ತೆಂದರೆ ಅದು ಮೊದಲೇ ಯಾವುದನ್ನೋ ದಾಟಿ, ಓರೆಯಾಗಿ ಬಂದಿರುವ ಸಾಧ್ಯತೆ ಹೆಚ್ಚು. ಆ ಗೆರೆಯಲ್ಲಿ ಕಾನಲಿಯ ಹಿಂದೆ ಇದ್ದವರು ಕೆನಡಿ.

"ಇಬ್ಬರನ್ನೂ ದಾಟಿದ ಗುಂಡು ಹೊಸದರ ಹಾಗೇ ಇತ್ತು" ಅನ್ನುವವರು ಅದರ ಒಂದೇ ಫೋಟೋ ತೋರಿಸುತ್ತಾರೆ, ಪಕ್ಕದಿಂದ ತೆಗೆದದ್ದು. ಬುಡದ ಕಡೆಯಿಂದ ತೆಗೆದ ಫೋಟೋ ನೋಡಿ: ಬುಡ ಚಪ್ಪಟೆಯಾಗಿದೆ, ಒಳಗಿನ ಸೀಸ ಹೊರಗೆ ಹಿಸುಕಿ ಬಂದಿದೆ. ಸಿಕ್ಕಾಗ ಅದರ ತೂಕ 158.6 ಗ್ರೇನ್ (ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ). ಹಾರಿಸದ ಗುಂಡು ಸುಮಾರು 161 ಗ್ರೇನ್ ತೂಗುತ್ತದೆ. ಅದು ಪೂರ್ತಿ ಲೋಹದ ಕವಚವಿರುವ ಮಿಲಿಟರಿ ಗುಂಡು. ಕೆನಡಿಯ ಕತ್ತಿನಲ್ಲಿ ಬರೀ ಮಾಂಸ ದಾಟಿ, ಕಾನಲಿಯ ಪಕ್ಕೆಲುಬು ಸವರಿ, ವೇಗ ಕಳೆದುಕೊಂಡ ಮೇಲೆ ಮಣಿಕಟ್ಟಿಗೆ ಬಡಿಯಿತು. ಕೆನಡಿಯ ತಲೆಗೆ ಬಿದ್ದ ಇನ್ನೊಂದು ಗುಂಡು ಪೂರ್ಣ ವೇಗದಲ್ಲಿ ತಲೆಬುರುಡೆಗೆ ಬಡಿದಿದ್ದರಿಂದ ಒಡೆದು ಚೂರಾಯಿತು.

"ನನಗೆ ಬೇರೆ ಗುಂಡು ಬಿತ್ತು ಅಂತ ಕಾನಲಿಯೇ ಹೇಳಿದ್ದಾರಲ್ಲ?" ಹೌದು, ಕೊನೆಯವರೆಗೂ ಹೇಳಿದರು. ಮೊದಲ ಸದ್ದು ಕೇಳಿಸಿತು, ಆಮೇಲೆ ತನಗೆ ಬಿತ್ತು ಅಂದರು. ಮೊದಲ ಗುಂಡು ಗುರಿ ತಪ್ಪಿದ್ದರೆ ಆ ಮಾತು ಪೂರ್ತಿ ನಿಜ. ಆ ಮೊದಲ ಗುಂಡೇ ಕೆನಡಿಗೆ ತಗುಲಿತು ಅನ್ನುವುದನ್ನು ಅವರು ಕಣ್ಣಾರೆ ಕಂಡಿರಲಿಲ್ಲ. ಝಪ್ರೂಡರ್ ಎಂಬ ಪ್ರೇಕ್ಷಕ ಹತ್ಯೆಯ ಹೊತ್ತಿನಲ್ಲಿ ತೆಗೆದ ಫಿಲ್ಮಿನ 224ನೇ ಫ್ರೇಮಿನಲ್ಲಿ ಕಾನಲಿಯ ಕೋಟಿನ ಬಲಮಡಿಕೆ ಎಗರುತ್ತದೆ. ಒಂದೆರಡು ಫ್ರೇಮಿನೊಳಗೆ ಇಬ್ಬರ ಕೈಗಳೂ ಒಟ್ಟಿಗೇ ಮೇಲೇಳುತ್ತವೆ. ಫಿಲ್ಮ್ ಓಡುವುದು ಸೆಕೆಂಡಿಗೆ 18.3 ಫ್ರೇಮ್, ಅಂದರೆ ಎರಡು ಫ್ರೇಮಿಗೆ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ.

ಇನ್ನು ಹತ್ಯೆಯನ್ನು ಮತ್ತೆ ತನಿಖೆ ಮಾಡಿದ ಅಮೆರಿಕ ಸಂಸತ್ತಿನ ಸಮಿತಿ, ಅದರ 1979ರ ವರದಿ. ಪಿತೂರಿ ಇದ್ದಿರಬಹುದು ಅಂತ ಅದು ಹೇಳಿದ್ದು ನಿಜ. ಆದರೆ ಇದೇ ಗುಂಡು ಇಬ್ಬರನ್ನೂ ದಾಟಿತು ಅಂತಲೂ ಅದೇ ಸಮಿತಿ ಒಪ್ಪಿತ್ತು. ವಿಡಿಯೋದವರು ಆ ಪುಟ ಓದುವುದಿಲ್ಲ. ಪಿತೂರಿಯ ಮಾತಿಗೆ ಮುಖ್ಯ ಆಧಾರ ಪೊಲೀಸ್ ರೇಡಿಯೋದ ಒಂದು ಧ್ವನಿಮುದ್ರಣ. ಆಸ್ವಾಲ್ಡ್ ಹಾರಿಸಿದ ಮೂರಲ್ಲದೆ ಬೇರೆಯವರು ಹಾರಿಸಿದ ನಾಲ್ಕನೇ ಗುಂಡಿನದು ಅಂದುಕೊಂಡಿದ್ದ ಸದ್ದಿನ ಜಾಗದಲ್ಲೇ, ಹತ್ಯೆಯಾಗಿ ಸುಮಾರು ಒಂದು ನಿಮಿಷದ ಮೇಲೆ ಷೆರೀಫ್ ಆಡಿದ ಮಾತು ಕೇಳಿಸುತ್ತದೆ. 1982ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ತಜ್ಞರು ಆ ಸಾಕ್ಷ್ಯವನ್ನು ತಳ್ಳಿಹಾಕಿದರು.

ಹಾಗಂತ ಸರ್ಕಾರ ಏನನ್ನೂ ಮುಚ್ಚಿಡಲಿಲ್ಲ ಅಂತ ನಾನು ಹೇಳುತ್ತಿಲ್ಲ. ಕ್ಯೂಬಾದ ನಾಯಕ ಕ್ಯಾಸ್ಟ್ರೋನನ್ನು ಕೊಲ್ಲಿಸಲು ತಾನು ನಡೆಸಿದ ಸಂಚುಗಳನ್ನು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ವಾರನ್ ಆಯೋಗಕ್ಕೆ ಹೇಳಲಿಲ್ಲ. ಹತ್ಯೆಗೆ ಮುಂಚೆ ಆಸ್ವಾಲ್ಡ್ ಬರೆದು ಕೊಟ್ಟುಹೋಗಿದ್ದ ಚೀಟಿಯನ್ನು ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಡಲ್ಲಾಸ್ ಕಚೇರಿ ಹರಿದು ಶೌಚಾಲಯಕ್ಕೆ ಹಾಕಿತು. ಶವಪರೀಕ್ಷೆ ಮಾಡಿದ ವೈದ್ಯರು ತಮ್ಮ ಟಿಪ್ಪಣಿಯನ್ನು ಸುಟ್ಟರು. ಹತ್ಯೆಗೆ ಎರಡು ತಿಂಗಳ ಹಿಂದೆ ಆಸ್ವಾಲ್ಡ್ ಮೆಕ್ಸಿಕೋ ಸಿಟಿಯ ಕ್ಯೂಬಾ ಮತ್ತು ಸೋವಿಯತ್ ಕಚೇರಿಗಳ ಬಾಗಿಲು ತಟ್ಟಿದಾಗ ಸಿಐಎಗೆ ಅವನ ಬಗ್ಗೆ ಏನೇನು ಗೊತ್ತಾಗಿತ್ತು? ಸಂಚಿಕೆ ಮಾಡುವುದಾದರೆ ಇದರ ಮೇಲೆ ಮಾಡಿ, ಬಿಡುಗಡೆಯಾದ ಕಡತಗಳನ್ನು ಓದಿ ಮಾಡಿ, ನಾನೂ ಕೂತು ನೋಡುತ್ತೇನೆ.