ಧಾಟಿ ಉಳಿಯಿತು, ನಡೆ ಹೋಯಿತು: ಕೊರಿಯಾದ ರೀಮೇಕ್‌ಗಳೂ ನಮ್ಮವೂ

ಜನಪದ ಗೀತೆ ಪಾಪ್ ಗಾಯಕರ ಬಾಯಿಗೆ ಬಿದ್ದರೆ ಕೆಟ್ಟಂತೆಯೇ ಅನ್ನುವ ಮಾತು ಬೆಂಗಳೂರಿನಲ್ಲಿ ಎಷ್ಟಿದೆಯೋ ಸಿಯೋಲ್‌ನಲ್ಲೂ ಅಷ್ಟೇ ಇದೆ. ಇಲ್ಲಿ ಕೂತು ಎರಡೂ ಕಡೆಯದನ್ನು ಕೇಳುವ ನನ್ನ ಲೆಕ್ಕ ಬೇರೆ. ಹಾಡುವವರ ಗಂಟಲಿನಿಂದಾಗಿ ಹಾಳಾದ ಪದಗಳು, ಅಂದರೆ ಹಾಡುಗಳು, ಕಡಿಮೆ. ಕ್ಲಿಕ್ ಟ್ರ್ಯಾಕು (ರೆಕಾರ್ಡಿಂಗಿನಲ್ಲಿ ವೇಗ ತಪ್ಪದಂತೆ ಕಿವಿಗೆ ಬಿಡುವ ಟಿಕ್ ಟಿಕ್ ಸದ್ದು), ಕೀಬೋರ್ಡಿನ ಕಾರ್ಡು (ಕೆಲವು ಸ್ವರಗಳನ್ನು ಒಟ್ಟಿಗೆ ಒತ್ತುವುದು), ಹಿಮ್ಮೇಳಕ್ಕೆ ಕೊಟ್ಟ ರಜೆ, ಈ ಮೂರರಿಂದ ಹಾಳಾದವೇ ಜಾಸ್ತಿ. ಕೊರಿಯಾದವರು ಇವುಗಳಲ್ಲಿ ಒಂದೆರಡನ್ನಾದರೂ ತಡೆಯುವ ದಾರಿ ಕಂಡುಕೊಂಡಿದ್ದಾರೆ. ನಾವು ಧಾಟಿಯೊಂದನ್ನು ಭದ್ರವಾಗಿ ಹಿಡಿದುಕೊಂಡು ಉಳಿದದ್ದನ್ನೆಲ್ಲ ಬಿಟ್ಟುಕೊಡುತ್ತಿದ್ದೇವೆ.

ಮೊದಲು ಕೊರಿಯಾದ್ದೇ ಒಂದು ಒಳ್ಳೆಯ ಉದಾಹರಣೆ. ಚೊ ಯೋಂಗ್-ಪಿಲ್ ಅಲ್ಲಿನ ಪಾಪ್ ಸಂಗೀತದಲ್ಲಿ ಬಹುದೊಡ್ಡ ಹೆಸರು. ಬೂಸಾನ್ ಬಂದರಿನ ಹಾಡಿನಿಂದ 1976ರಲ್ಲಿ ಮನೆಮಾತಾದರು, ಮರುವರ್ಷವೇ ಗಾಂಜಾ ಪ್ರಕರಣದಲ್ಲಿ ಸಿಕ್ಕಿ ವೇದಿಕೆಯಿಂದ ಹೊರಬಿದ್ದರು. ಆ ವರ್ಷಗಳಲ್ಲಿ ಅವರು ಪಾನ್ಸೊರಿ (ಕಥೆಯನ್ನು ಹಾಡಿ ಹೇಳುವ ಕೊರಿಯಾದ ಕಲೆ) ಕಲಾವಿದರ ಹಾಗೆ ಗಂಟಲನ್ನು ಪಳಗಿಸಿಕೊಂಡದ್ದು ಕೊರಿಯಾದಲ್ಲಿ ಎಲ್ಲರ ಬಾಯಲ್ಲಿರುವ ಸಂಗತಿ. ಮರಳಿ ಬಂದು 1980ರಲ್ಲಿ ಹೊರತಂದ ಆಲ್ಬಮ್ಮಿನಲ್ಲಿ ಹೊಸ ಕಾಲದ ಪಾಪ್ ಹಾಡುಗಳ ನಡುವೆ 'ಹಾನ್ ಓಬೆಂಗ್‌ನ್ಯೊನ್' ಎಂಬ ಗಾಂಗ್ವೊನ್ ಸೀಮೆಯ ಜನಪದ ಗೀತೆಯನ್ನೂ ಸೇರಿಸಿದರು. ಮನಸ್ಸನ್ನು ಇಲ್ಲೇ ಬಿಟ್ಟು ಮೈಯಷ್ಟೇ ಹೊರಟುಹೋದ ನಲ್ಲನ ಮೇಲಿನ ದೂರು ಅದು. ಐನೂರು ವರ್ಷ ಬಾಳೋಣ ಅಂದರೆ ಇದೆಂಥ ಗೋಳು ಎಂದು ಸೊಲ್ಲು (ಮರಳಿ ಮರಳಿ ಬರುವ ಪಲ್ಲವಿ) ಬರುತ್ತದೆ.

ಈ ಪದದ ಸ್ವರಗಳು ಐದು: ಪಾಶ್ಚಾತ್ಯ ಹೆಸರಲ್ಲಿ ಹೇಳುವುದಾದರೆ ಇ, ಜಿ, ಎ, ಸಿ, ಡಿ. ಇ ಯನ್ನು ಷಡ್ಜ (ಸ) ಮಾಡಿಕೊಂಡರೆ ನಮ್ಮ ಹಿಂದೋಳದ ಸ್ವರಗಳು. ಎ ಯನ್ನು ಷಡ್ಜ ಮಾಡಿಕೊಂಡರೆ ಶುದ್ಧ ಧನ್ಯಾಸಿ. ಕನ್ನಡಿಗರು ಮೊದಲ ಸಲ ಕೇಳಿ 'ಅಯ್ಯೋ, ನಮ್ಮದೇ ರಾಗ' ಅನ್ನುವುದು ಇದಕ್ಕೇ. ಆದರೆ ಹಿಂದೋಳ ಹಾಡುವವರು ಹಾಗೇ ಹಾಡಿದರೆ ಪದ ಕೈಗೆ ಸಿಗುವುದಿಲ್ಲ. ಪೂರ್ವ ಕೊರಿಯಾದ ಈ ಮಾದರಿಗೆ ಮೆನಾರಿ-ತೋರಿ ಎಂದು ಹೆಸರು. ಇದರಲ್ಲಿ ಎ ಅಲುಗದೆ ನಿಲ್ಲಬೇಕು, ಕೆಳಗಿನ ಇ ನಡುಗಬೇಕು. ಜಿ ಇರುವುದು ಎ ಯಿಂದ ಇ ಗೆ ಇಳಿಯುವಾಗ ಒಂದು ಹೆಜ್ಜೆ ಇಟ್ಟು ಹೋಗಲಿಕ್ಕೆ, ತಂಗಲಿಕ್ಕಲ್ಲ. ಹಿಂದೋಳದ ಲೆಕ್ಕದಲ್ಲಿ ನಡುಗಬೇಕಾದದ್ದು ಷಡ್ಜವೇ! ನಮ್ಮ ಪಾಠದಲ್ಲಿ ಅದಕ್ಕೆ ಅಚಲ ಸ್ವರ ಎನ್ನುತ್ತೇವೆ.

ಪಾಪ್ ಅರೇಂಜ್‌ಮೆಂಟಿನಲ್ಲಿ ಎಡವಟ್ಟಾಗುವುದು ಇದೇ ಜಿ ಹತ್ತಿರ. ಕೀಬೋರ್ಡಿನವರು ಐದು ಸ್ವರ ನೋಡಿ ಎ ಮೈನರ್ ಅಂದುಕೊಳ್ಳುತ್ತಾರೆ, ಸಾಲು ಮುಗಿಸಲು ಅಭ್ಯಾಸಬಲದಿಂದ ಇ ಸೆವೆನ್ ಕಾರ್ಡು ಒತ್ತುತ್ತಾರೆ. ಆ ಕಾರ್ಡಿನ ಹೊಟ್ಟೆಯಲ್ಲಿ ಜಿ ಶಾರ್ಪ್ ಕೂತಿದೆ. ಹಾಡಿನಲ್ಲಿರುವುದು ಬರೀ ಜಿ. ಎರಡೂ ಒಟ್ಟಿಗೆ ಬಿದ್ದಾಗ ಗಾಯಕಿ ಗೊತ್ತಿಲ್ಲದೆಯೇ ಜಿ ಯನ್ನು ನುಂಗುತ್ತಾಳೆ ಅಥವಾ ಮೇಲಕ್ಕೆ ಜಾರಿಸುತ್ತಾಳೆ. ಅಲ್ಲಿಗೆ ಗಾಂಗ್ವೊನ್ ಬೆಟ್ಟದ ಪದ ಯಾವ ಊರಿಗೂ ಸೇರದ ದುಃಖದ ಹಾಡಾಗುತ್ತದೆ. ಪರಿಹಾರ ಸುಲಭ: ಇ ಸೆವೆನ್ ಜಾಗದಲ್ಲಿ ಇ ಮೈನರ್ ಹಾಕಿ, ಅದಕ್ಕಿಂತ ಒಳ್ಳೆಯದೆಂದರೆ ಎ ಮತ್ತು ಇ ಎರಡನ್ನೇ ಶ್ರುತಿಯಂತೆ ಹಿಡಿದು ಬಿಡಿ. ಚೊ ಯೋಂಗ್-ಪಿಲ್ ಗೆದ್ದದ್ದು ಧಾಟಿಯನ್ನು ಸಿಹಿ ಮಾಡದೆ, ಗಂಟಲಿನ ಒರಟನ್ನು ಹಾಗೇ ಬಿಟ್ಟದ್ದರಿಂದ.

ಇನ್ನು ಬಡಿತ. ಕೊರಿಯಾದ ಪ್ರಸಿದ್ಧ ಜನಪದ ಗೀತೆ ಆರಿರಾಂಗ್ ಅಂದಾಗ ಜಗತ್ತಿಗೆ ನೆನಪಾಗುವ ಧಾಟಿ 1926ರಲ್ಲಿ ನಾ ಉನ್-ಗ್ಯು ಅವರ ಮೂಕಿ ಚಿತ್ರದಿಂದ ಹಬ್ಬಿದ್ದು. ಸ್ವರಗಳು ಮೋಹನದ್ದು, ಮಂದ್ರದಲ್ಲಿ 'ಪ, ದಪದ' ಎಂದು ಎದ್ದು 'ಸ, ರಿಸರಿ'ಗೆ ಹತ್ತುತ್ತದೆ. ನಡೆ ಸೆಮಾಚಿ: ಮೂರು ಪೆಟ್ಟು, ಒಂದೊಂದರೊಳಗೆ ಮೂರು ಮಾತ್ರೆ. ತಕಿಟ ತಕಿಟ ತಕಿಟ ಎಂದು ಬಾಯಲ್ಲಿ ಹೇಳಿಕೊಂಡರೆ ಸಾಕು (ಒಂಬತ್ತಿದೆಯೆಂದು ಸಂಕೀರ್ಣ ನಡೆ ಅನ್ನಬೇಡಿ, ಅದರ ಒಡಕು ಬೇರೆ). ಜಾಂಗು ಎಂಬ ಎರಡು ಮುಖದ ಚರ್ಮವಾದ್ಯ ಬಾರಿಸುವವರಿಗೂ ನಮ್ಮ ಹಾಗೆ ಬಾಯಿಪಾಠ ಇದೆ. ಎರಡೂ ಮುಖಕ್ಕೆ ಒಟ್ಟಿಗೆ ಬಿದ್ದರೆ 'ಡೊಂಗ್', ಎಡಮುಖಕ್ಕೆ ಮಾತ್ರ 'ಕುಂಗ್', ಬಲಮುಖಕ್ಕೆ ಬಿದಿರ ಕಡ್ಡಿಯಿಂದ 'ಡೊಕ್'. ಸೆಮಾಚಿ ಒಂದು ಸುತ್ತು: ಡೊಂಗ್, ಡೊಂಗ್-ಡೊಕ್, ಕುಂಗ್-ಡೊಕ್.

ಇದನ್ನು ನಾಲ್ಕು ಪೆಟ್ಟಿಗೆ ಬಗ್ಗಿಸುವವರು ಮೂರನೆಯ ಪೆಟ್ಟಿನ 'ರಾಂಗ್' ಅನ್ನು ಎಳೆದು ನಾಲ್ಕು ಮಾಡುತ್ತಾರೆ. ಲೆಕ್ಕ ಹಾಕಿ ನೋಡಿ. ಸೊಲ್ಲು, ನುಡಿ ಸೇರಿ 16 ಸುತ್ತು, ಅಂದರೆ 48 ಪೆಟ್ಟು. ನಿಮಿಷಕ್ಕೆ 90ರ ವೇಗದಲ್ಲಿ 32 ಸೆಕೆಂಡು. ನಾಲ್ಕಾದ ಮೇಲೆ 64 ಪೆಟ್ಟು, 43 ಸೆಕೆಂಡಿನ ಹತ್ತಿರ. ಹಾಡು ಜೋಲು ಬಿದ್ದಿತೆಂದು ವೇಗವನ್ನು 120ಕ್ಕೆ ಏರಿಸುತ್ತಾರೆ. ಆಗ ಸುತ್ತಿನ ಮೊದಲರ್ಧದಲ್ಲಿ ಮಾತು ಓಡುತ್ತದೆ, ಕೊನೆಗೆ ಖಾಲಿ ನಿಲ್ಲುತ್ತದೆ. ಆ ಖಾಲಿಯನ್ನು ತುಂಬಲು ತಂತಿವಾದ್ಯಗಳ ಗುಂಪು ಬರುತ್ತದೆ, ಕೇಳುವವರಿಗೆ ಸರ್ಕಾರಿ ಸಮಾರಂಭದಲ್ಲಿ ಕೂತ ಹಾಗಾಗುತ್ತದೆ. ಕ್ರೀಡಾಂಗಣದ ಆರಿರಾಂಗ್‌ಗಳಲ್ಲಿ ಮುಕ್ಕಾಲು ಪಾಲು ಇದೇ ಕಾಯಿಲೆ. ಡ್ರಮ್ ಸೆಟ್ ಬೇಕೇ ಬೇಕಿದ್ದರೆ ಒಂಬತ್ತು ಮಾತ್ರೆಯನ್ನು ಬಿಡದೆ, ಕಿಕ್ಕನ್ನು (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮು) ಮೊದಲ ಪೆಟ್ಟಿಗೆ ಮಾತ್ರ ಇಟ್ಟು, ಉಳಿದದ್ದನ್ನು ಜಾಂಗುವಿಗೆ ಬಿಡುವುದು ವಾಸಿ.

ಹಾಗಂತ ನಡೆ ಬದಲಿಸಲೇಬಾರದು ಅಂತಲ್ಲ. ಇನಾಲ್ಚಿ ತಂಡದ 'ಪೊಮ್ ನೆರ್ಯೊವಂದಾ' ಕೇಳಿ. ಹುಲಿ ಇಳಿದು ಬರುವ ಆ ಭಾಗ ಸುಗುಂಗ್ಗಾ ಎಂಬ ಪಾನ್ಸೊರಿಯದು, ಹಳ್ಳಿಪದವಲ್ಲ. ಆದರೂ ಪಾಠ ಇದೆ. ಮೂಲದಲ್ಲಿ ಅದರ ನಡೆ ಒನ್‌ಮೊರಿ, ಹತ್ತು ಮಾತ್ರೆ: ತಕಿಟ ತಕ, ತಕಿಟ ತಕ. ಖಂಡ ನಡೆ ಗೊತ್ತಿದ್ದವರಿಗೆ ತಿರುಗಿಸಿ ಹಾಕಿದಂತೆ ಕೇಳುತ್ತದೆ. ತಂಡ ಅದನ್ನು ನೇರ ನಾಲ್ಕಕ್ಕೆ ತಂದಿತು, 2020ರಲ್ಲಿ ಪ್ರವಾಸೋದ್ಯಮದ ಪ್ರಚಾರ ಚಿತ್ರದ ಮೂಲಕ ಊರೆಲ್ಲ ಕುಣಿಯಿತು. ಕೆಡಲಿಲ್ಲ ಯಾಕೆ? ವಾದ್ಯ ನೋಡಿ: ಎರಡು ಬೇಸ್ ಗಿಟಾರು, ಒಂದು ಡ್ರಮ್ಮು, ಅಷ್ಟೇ. ಕೀಬೋರ್ಡಿಲ್ಲ, ಮಾಮೂಲಿ ಗಿಟಾರಿಲ್ಲ. ಮೂರು ಸ್ವರದ ಕಾರ್ಡು ಕಟ್ಟುವವರೇ ಇಲ್ಲದ ಮೇಲೆ ಗಾಯಕರ ನಡುಸ್ವರಗಳಿಗೆ ಡಿಕ್ಕಿ ಹೊಡೆಯುವವರೂ ಇಲ್ಲ. ಮಾತು ಹಳೆಯದು, ಗಂಟಲು ಹಳೆಯದು, ನೆಲ ಮಾತ್ರ ಹೊಸದು. ನಡೆ ಕೊಟ್ಟು ಗಮಕ (ಸ್ವರದ ನಡುಕ, ಜಾರು) ಉಳಿಸಿಕೊಂಡ ವ್ಯಾಪಾರ ಇದು, ನನ್ನ ಮಟ್ಟಿಗೆ ಲಾಭದ್ದೇ. ಎರಡನ್ನೂ ಕೊಟ್ಟವರ ಕೈಯಲ್ಲಿ ಉಳಿಯುವುದು ಸಾಹಿತ್ಯ ಮಾತ್ರ.

ಗಮಕ ಕಳೆಯುವುದು ಹೇಗೆಂದು ನೋಡಬೇಕಿದ್ದರೆ ಜಿಂದೋ ಆರಿರಾಂಗ್ ಸಾಕು. ನೈರುತ್ಯದ ಜೊಲ್ಲಾ ಸೀಮೆಯ ಈ ಪದದಲ್ಲಿ ಒಂದು ಸ್ವರ ನಡುಗಬೇಕು, ಒಂದು ನೆಟ್ಟಗೆ ನಿಲ್ಲಬೇಕು, ಇನ್ನೊಂದು ಮೇಲಿಂದ ಮುರಿದು ಬೀಳಬೇಕು. ಮುರಿಯುವ ಸ್ವರ ಸಿ ಯಲ್ಲಿ ಶುರುವಾಗಿ ಬಿ ಕಡೆಗೆ ಬೀಳುತ್ತದೆ. ಶ್ರುತಿ ತಿದ್ದುವ ಸಾಫ್ಟ್‌ವೇರಿಗೆ ಅದು ತಪ್ಪಾಗಿ ಕಾಣುತ್ತದೆ, ಎಳೆದು ಸಿ ಮೇಲೋ ಬಿ ಮೇಲೋ ಕೂರಿಸುತ್ತದೆ. ಈ ಪದಕ್ಕೆ ತಿದ್ದುವ ವೇಗವನ್ನು ಕಡಿಮೆ ಮಾಡಿದರೆ ಸಾಲದು, ಆ ಸ್ವರಗಳಿಗೆ ಪೂರ್ತಿ ಆಫ್ ಮಾಡಬೇಕು. ಸೊಲ್ಲಿನಲ್ಲಿ ಮೂಗಿನಿಂದ 'ಉಂಗ್ ಉಂಗ್ ಉಂಗ್' ಎಂದು ಹಮ್ಮುವ ಜಾಗವೊಂದಿದೆ. ನಯವಾಗಿ ಹಾಡುವವರು ಅದನ್ನು 'ಓ ಓ ಓ' ಮಾಡುತ್ತಾರೆ. ಜಿಂದೋ ಹೋಗುವುದು ಅಲ್ಲೇ.

ವಾದ್ಯದವರಿಗೊಂದು ಮಾತು. ಕೊನೆಯ ಸೊಲ್ಲಿಗೆ ಶ್ರುತಿಯಲ್ಲಿ ಅರ್ಧ ಮನೆ ಮೇಲೇರುವ ಪಾಪ್ ಚಟ ಇದೆಯಲ್ಲ, ಬೆರಳಿನಿಂದ ಮೀಟುವ 12 ತಂತಿಯ ಗಾಯಾಗಮ್ ಇಟ್ಟುಕೊಂಡು ಅದನ್ನು ಮಾಡಲಾಗದು. ಪ್ರತಿ ತಂತಿಯ ಕೆಳಗೂ ಸರಿಸುವ ಕುದುರೆ ಇದೆ, ಐದು ಸ್ವರಕ್ಕೆ ಕೂರಿಸಿರುತ್ತಾರೆ. ಹಾಡಿನ ನಡುವೆ ಎಲ್ಲವನ್ನೂ ಸರಿಸುವಷ್ಟು ಹೊತ್ತಿರುವುದಿಲ್ಲ. ಎರಡನೆಯ ಗಾಯಾಗಮ್ ಶ್ರುತಿ ಮಾಡಿ ಪಕ್ಕದಲ್ಲಿಡಬೇಕು, ಇಲ್ಲ 25 ತಂತಿಯದಕ್ಕೆ ಹೋಗಬೇಕು. ಅದರಲ್ಲಿ ಏಳು ಸ್ವರವೂ ಸಿಗುತ್ತವೆ, ಎಡಗೈ ಒತ್ತಿ ಎಳೆಯುವ ನಡುಕ ಮಾತ್ರ 12 ತಂತಿಯದರಷ್ಟು ಆಳಕ್ಕೆ ಹೋಗುವುದಿಲ್ಲ. ಹೆಗಮ್ ಆದರೆ ಬಿಲ್ಲಿನ ವಾದ್ಯ, ಯಾವ ಶ್ರುತಿಗಾದರೂ ಬರುತ್ತದೆ. ಜಾಂಗುವಿಗೆ ಎರಡು ಮುಖಕ್ಕೂ ಒಂದೊಂದು ಮೈಕು ಇಟ್ಟರೆ ಒಂದರ ಫೇಸ್, ಅಂದರೆ ಧ್ವನಿಯ ಅಲೆಯ ಏರಿಳಿತ, ತಿರುಗಿಸಿ ಕೇಳಿ ನೋಡಿ; ಹಾಗೆ ನೋಡದಿದ್ದರೆ 'ಕುಂಗ್' ಟೊಳ್ಳಾಗುವ ಸಾಧ್ಯತೆ ಇದೆ.

ಈಗ ನಮ್ಮ ಕಡೆ. ಅನನ್ಯಾ ಭಟ್ ಹಾಡಿದ ಮೇಲೆ 'ಸೋಜುಗಾದ ಸೂಜುಮಲ್ಲಿಗೆ' ಮಲೆ ಮಹದೇಶ್ವರ ಬೆಟ್ಟದ ಸೀಮೆ ದಾಟಿ, ಕನ್ನಡ ಬಾರದವರ ಮನೆಗೂ ಹೋಯಿತು. ಒಳ್ಳೆಯದೇ ಆಯಿತು. ಆ ದಾರಿಯಲ್ಲಿ ಆಮೇಲೆ ಬಂದ ಕವರ್‌ಗಳನ್ನು ಸಾಲಾಗಿ ಕೇಳಿದರೆ ಧಾಟಿ ಎಲ್ಲದರಲ್ಲೂ ಒಂದೇ. ಕಂಸಾಳೆ ಎಲ್ಲಿ ಹೋಯಿತು? ಎಡಗೈಯ ಬಟ್ಟಲಿಗೆ ಬಲಗೈಯ ತಾಳ ತಾಗುವ ಸದ್ದಿನ ಜಾಗಕ್ಕೆ ಶೇಕರ್ (ಅಲ್ಲಾಡಿಸುವ ಕಾಳಿನ ಡಬ್ಬಿ) ಬಂತು, ದಮ್ಮಡಿಯ ಜಾಗಕ್ಕೆ ಕೆಹರ್ವಾ ತಾಳದ ಲೂಪು. ದೇವರನ್ನು ಕರೆಯುವ ಸೊಲ್ಲನ್ನು ಹಿಮ್ಮೇಳ ಎತ್ತಿಕೊಳ್ಳಬೇಕು. ಗಾಯಕಿಯದೇ ದನಿಯನ್ನು ನಾಲ್ಕು ಸಲ ರೆಕಾರ್ಡ್ ಮಾಡಿ ಒಂದರ ಮೇಲೊಂದು ಹೇರಿದರೆ ಅದು ಹಿಮ್ಮೇಳವಾಗುವುದಿಲ್ಲ. ನಾಲ್ಕು ಮಂದಿ ಒಟ್ಟಿಗೆ ಎತ್ತುವಾಗ ಒಬ್ಬರು ಕೂದಲೆಳೆ ಮುಂಚೆ, ಒಬ್ಬರು ಹಿಂದೆ ಬೀಳುತ್ತಾರಲ್ಲ, ಅದೇ ಅದರ ಸೊಗಸು.

ಬೀಸುವ ಪದಗಳ ಗತಿ ಇನ್ನೂ ಕಷ್ಟ. ತ್ರಿಪದಿಯನ್ನು ಓದುವಾಗ ಮೂರು ಸಾಲು, ಹಾಡುವಾಗ ಎರಡನೆಯ ಸಾಲು ಮರುಕಳಿಸಿ ನಾಲ್ಕಾಗುತ್ತದೆ. ಕಲ್ಲು ತಿರುಗಿಸುವ ಕೈಗೆ ಆ ಮರುಕಳಿಕೆ ಬೇಕು, ಮುಂದಿನ ಸಾಲು ನೆನಪಾಗಲು ಬಾಯಿಗೂ ಬೇಕು. ಮೂರೂವರೆ ನಿಮಿಷದಲ್ಲಿ ಮುಗಿಸುವ ಆತುರದಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ. ಕೊನೆಗೆ ಹೆಸರಿನ ಪಟ್ಟಿಯಲ್ಲಿ 'ಸಾಹಿತ್ಯ: ಜನಪದ'. ಯಾವ ಊರು, ಯಾವ ಮೇಳ, ಯಾರ ಬಾಯಿಂದ ಕೇಳಿ ಕಲಿತದ್ದು, ಒಂದೂ ಇಲ್ಲ.

ಈ ವಿಷಯದಲ್ಲಿ ಕೊರಿಯಾದವರು ನಮಗಿಂತ ಬಹಳ ಮುಂದೆ. ಎಂಬಿಸಿ ಪ್ರಸಾರ ಸಂಸ್ಥೆ 1989ರಿಂದ ಹಳ್ಳಿ ಹಳ್ಳಿ ತಿರುಗಿ ಪದಗಳನ್ನು ಧ್ವನಿಮುದ್ರಿಸಿ, ಪ್ರಾಂತ್ಯವಾರು ವಿಂಗಡಿಸಿ, ನೂರಕ್ಕೂ ಹೆಚ್ಚು ಸಿಡಿಗಳಲ್ಲಿ ಹೊರತಂದಿತು. ಸಿಯೋಲ್‌ನ ಚಂಗ್‌ದೊಕ್ ಅರಮನೆಯ ಎದುರು 2019ರಲ್ಲಿ ತೆರೆದ ಜನಪದ ಗೀತೆಗಳ ವಸ್ತುಸಂಗ್ರಹಾಲಯದಲ್ಲಿ ಇಂಥ ಧ್ವನಿಮುದ್ರಣಗಳನ್ನು ಯಾರು ಬೇಕಾದರೂ ಕೇಳಬಹುದು. ಹಾಗಾಗಿ ರೀಮೇಕ್ ಮಾಡುವ ಹುಡುಗರಿಗೆ ಹಿಂದಿನ ರೀಮೇಕೇ ಮೂಲವಾಗಬೇಕಿಲ್ಲ. ನಮ್ಮಲ್ಲಿ ರಾಮನಗರದ ಜಾನಪದ ಲೋಕವಿದೆ, ಗೊಟಗೋಡಿಯಲ್ಲಿ ಜಾನಪದಕ್ಕೇ ಮೀಸಲಾದ ವಿಶ್ವವಿದ್ಯಾಲಯವಿದೆ. ಆದರೂ ಅರೇಂಜರ್ ಮೊದಲು ತೆರೆಯುವುದು ಯೂಟ್ಯೂಬಿನ ಹಿಂದಿನ ಕವರನ್ನೇ.

ಹಾಗೆಂದು ಕೊರಿಯಾದ ವ್ಯವಸ್ಥೆಯನ್ನು ತಲೆಮೇಲೆ ಹೊರಬೇಕಿಲ್ಲ. ಅಲ್ಲಿ ಸರ್ಕಾರ ಪರಂಪರೆಗೆ 'ಧಾರಕ'ರನ್ನು, ಅಂದರೆ ಅದನ್ನು ಉಳಿಸಿ ಕಲಿಸುವ ಅಧಿಕೃತ ಕಲಾವಿದರನ್ನು, ಗುರುತಿಸುತ್ತದೆ. ಶಿಷ್ಯರೆಲ್ಲ ಅವರ ಪಾಠಕ್ಕೇ ಕಟ್ಟುಬೀಳುತ್ತಾರೆ, ಪಕ್ಕದ ಹಳ್ಳಿಯ ಪಾಠಾಂತರ ಸೊರಗುತ್ತದೆ. ಅದನ್ನು ಕಂಡೇ ಇರಬೇಕು, 2015ರಲ್ಲಿ ಆರಿರಾಂಗನ್ನು ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸುವಾಗ ಧಾರಕರನ್ನೇ ನೇಮಿಸಲಿಲ್ಲ. ಸುಮಾರು 60 ಬಗೆ, 3,600 ಪಾಠಗಳು ಇವೆಯೆನ್ನುವ ಪದಕ್ಕೆ ಒಬ್ಬರನ್ನು ಯಜಮಾನರೆಂದು ಕೂರಿಸುವುದಾದರೂ ಹೇಗೆ? ಇನ್ನೊಂದು ಮಾತು: ಅಲ್ಲಿ ನಾಟಿ ಯಂತ್ರ ಬಂದ ಮೇಲೆ ನಾಟಿಯ ಪದ ಸಂರಕ್ಷಣಾ ಸಂಘದ ಪ್ರದರ್ಶನಕ್ಕೆ ಸೇರಿತು. ನಮ್ಮ ಮಹದೇಶ್ವರ ಬೆಟ್ಟದಲ್ಲಿ ಕಂಸಾಳೆಯ ದೇವರಗುಡ್ಡರು ಇವತ್ತಿಗೂ ಹರಕೆಗೆ ಹಾಡುತ್ತಾರೆ. ಮೂಲ ಕೇಳಲು ನಮಗೆ ಮ್ಯೂಸಿಯಮ್ಮೇ ಬೇಕಿಲ್ಲ, ಬಸ್ಸು ಹತ್ತಿದರೆ ಸಾಕು. ಇಷ್ಟು ಅನುಕೂಲ ಇಟ್ಟುಕೊಂಡು ಶೇಕರ್ ಅಲ್ಲಾಡಿಸುತ್ತೇವೆ ಎನ್ನುವುದೇ ನನ್ನ ಸಿಟ್ಟು.

ಹೊರನಾಡಿನ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಜನಪದ ಹಾಡಿಸುವಾಗ ಕರೋಕೆ ಟ್ರ್ಯಾಕೇ ಗತಿ ಎಂಬುದು ಗೊತ್ತು. ಹಿಮ್ಮೇಳದವರನ್ನು ವಿಮಾನದಲ್ಲಿ ಕರೆಸುವ ದುಡ್ಡು ಯಾರ ಹತ್ತಿರ ಇದೆ? ಆದರೂ ಟ್ರ್ಯಾಕನ್ನು ನೀವೇ ಮಾಡಿಸುವುದಾದರೆ ಕ್ರಮ ತಿರುಗಿಸಿ. ಮೊದಲು ಹಾಡುವವರು ದಮ್ಮಡಿ ಅಥವಾ ಕೈಚಪ್ಪಾಳೆ ಇಟ್ಟುಕೊಂಡು ಕ್ಲಿಕ್ ಇಲ್ಲದೆ ಪೂರ್ತಿ ಪದ ಹಾಡಿ ರೆಕಾರ್ಡ್ ಮಾಡಲಿ. ಅದರ ಮೇಲೆ ಟೆಂಪೊ ಗುರುತು ಹಾಕಿಸಿ. ಸ್ಟುಡಿಯೊ ಸಾಫ್ಟ್‌ವೇರುಗಳಲ್ಲಿ ಇದಕ್ಕೆ ಸೌಲಭ್ಯವಿದೆ. ಆಮೇಲೆ ಬೇಸು, ಆಮೇಲೆ ಬೇಕಿದ್ದರೆ ಇನ್ನೇನಾದರೂ. ಮಾದರಿ ದನಿಯನ್ನು ತೆಗೆಯುವಾಗ ಸೊಲ್ಲಿನ ಜಾಗವನ್ನು ಖಾಲಿ ಬಿಡಿ, ಅಲ್ಲಿ ಕೋರಸ್ ಸೇರಿಸಬೇಡಿ. ವೇದಿಕೆಯ ಮೇಲಿನವರು ಎತ್ತಿಕೊಳ್ಳದಿದ್ದರೆ ಮುಂದಿನ ಸಾಲಿನ ಅತ್ತೆಯಂದಿರು ಎತ್ತಿಕೊಳ್ಳುತ್ತಾರೆ.