ಫೆಬ್ರವರಿಗೊಂದು ಸನ್ಮಾನ

ವರ್ಷದ ಅತ್ಯುತ್ತಮ ನೌಕರನನ್ನು ಆರಿಸಿ ಫಲಕ ಕೊಡುವ ಕಂಪನಿಗಳು ಇಷ್ಟು ಕಾಲವೂ ಅರ್ಹರನ್ನು ಕಡೆಗಣಿಸುತ್ತ ಬಂದಿವೆ. ಆ ಫಲಕ ನ್ಯಾಯವಾಗಿ ಸಲ್ಲಬೇಕಾದದ್ದು ಫೆಬ್ರವರಿ ತಿಂಗಳಿಗೆ. ದಿನಕ್ಕೆ ನೂರು ಮಾರುತ್ತಿದ್ದವರು ದಿನಕ್ಕೆ ನೂರನ್ನೇ ಮಾರಿಕೊಂಡಿದ್ದರೂ ಫೆಬ್ರವರಿಯ 2,800 ಮಾರ್ಚ್‌ನಲ್ಲಿ 3,100 ಆಗುತ್ತದೆ, ಮಾರಾಟದ ಅಂಕಿಗಳನ್ನು ತೋರಿಸುವ ಡ್ಯಾಶ್‌ಬೋರ್ಡ್ ಪರದೆಯ ಮೇಲೆ ಹಸಿರು ಬಾಣವೊಂದು ನೆಟ್ಟಗೆ ನಿಂತು ಶೇ. 10.7ರ ಬೆಳವಣಿಗೆಯನ್ನು ಸಾರುತ್ತದೆ. ಹಿಂದಿನ ತಿಂಗಳಿಗೆ ಮೂರು ದಿನ ಕಡಿಮೆ ಇದ್ದವು ಎಂಬ ಒಂದೇ ಕಾರಣಕ್ಕೆ ಒದಗಿಬಂದ ಈ ಫಲವನ್ನು ಪರಿಶೀಲನಾ ಸಭೆಯಲ್ಲಿ ‘ತಂಡದ ಅವಿರತ ಶ್ರಮ’ ಎಂದು ಬಣ್ಣಿಸುವುದು ವಾಡಿಕೆ.

ಸಭೆಯಲ್ಲಿ ಕುಳಿತವರಿಗೆ ಕ್ಯಾಲೆಂಡರು ಓದಲು ಬಾರದೆಂದು ಯಾರೂ ತಿಳಿಯಬಾರದು. ಒಂದೇ ತಿಂಗಳ ಹಿಂದೆ, ಇದೇ ಪರದೆ ಜನವರಿಯೊಂದಿಗೆ ಹೋಲಿಸಿ ಶೇ. 9.7ರ ಇಳಿಕೆ ತೋರಿಸಿ ಕೆಂಪೇರಿದಾಗ, ಫೆಬ್ರವರಿಗೆ ಇರುವುದೇ ಇಪ್ಪತ್ತೆಂಟು ದಿನವೆಂಬ ಮಹಾಸತ್ಯವನ್ನು ಮಂಡಿಸಿದವರು ಇವರೇ. ಅಧಿಕ ವರ್ಷದ ವಿಚಾರದಲ್ಲಿಯೂ ಇವರ ಪಾಂಡಿತ್ಯ ಹೀಗೆಯೇ ಬಂದು ಹೋಗುತ್ತಿರುತ್ತದೆ: ದಿನದ ಲೆಕ್ಕ ಕದಲದಿದ್ದರೂ 2024ರ ಫೆಬ್ರವರಿ ತನ್ನ ಹೆಚ್ಚುವರಿ ದಿನದ ಬಲದಿಂದ ಹಿಂದಿನ ವರ್ಷಕ್ಕಿಂತ ಶೇ. 3.6ರಷ್ಟು ಮೇಲೇರಿದರೆ ಅದು ಕಾರ್ಯತಂತ್ರದ ಯಶಸ್ಸು, 2025ರ ಫೆಬ್ರವರಿ ಶೇ. 3.4ರಷ್ಟು ಕೆಳಗಿಳಿದರೆ ಅದು ಭೂಮಿ ಸೂರ್ಯನನ್ನು ಸುತ್ತುವ ರೀತಿಯಲ್ಲಿರುವ ದೋಷ.

ಇಂಥ ಪರದೆಗಳ ನಿಜವಾದ ಶಕ್ತಿಪೀಠ ಮೇಲ್ಭಾಗದ ಮೂಲೆಯಲ್ಲಿರುತ್ತದೆ. ‘ಹೋಲಿಕೆಯ ಅವಧಿ’ ಎಂಬ ಆ ಪಟ್ಟಿಯಲ್ಲಿ ಹಿಂದಿನ ತಿಂಗಳು, ಕಳೆದ ವರ್ಷದ ಇದೇ ಅವಧಿ, ಇವೆರಡೂ ಕೈಕೊಟ್ಟಾಗ ಕಾಯಲು, ಬೇಕಾದ ದಿನಗಳನ್ನು ತಾವೇ ಆರಿಸಿಕೊಳ್ಳಬಹುದಾದ ಕಸ್ಟಮ್ ಎಂಬ ಕುಲದೈವ. ಕುಣಿಯಲಾರದವಳು ನೆಲ ಡೊಂಕು ಎಂದು ದೂರುತ್ತಿದ್ದ ಕಾಲ ಹಿಂದಾಯಿತು. ಈಗ ಬೇಕಾದ ನೆಲವನ್ನು ಆರಿಸಿಕೊಂಡೇ ಕುಣಿಯಲು ಇಳಿಯಬಹುದು. ಲಾಕ್‌ಡೌನಿನಲ್ಲಿ ಬಾಗಿಲು ಮುಚ್ಚಿದ್ದ 2020ರ ಏಪ್ರಿಲ್ ಅನ್ನು ಪಕ್ಕದಲ್ಲಿಟ್ಟುಕೊಂಡರೆ 2021ರ ಏಪ್ರಿಲ್‌ನಲ್ಲಿ ಬಾಗಿಲು ತೆರೆದವರೆಲ್ಲರೂ ಉದ್ಯಮಸಾಮ್ರಾಟರಾಗಿ ಕಾಣಬಹುದಿತ್ತು. ಆ ಆಸರೆ ಮುಗಿದ ಮೇಲೆ ಹಲವರಿಗೆ ‘ಸಹಜ ವರ್ಷ’ವಾದ 2019ರ ಮೇಲೆ ಭಕ್ತಿ ಹುಟ್ಟಿತು. ಅಳೆಯಬೇಕಾದ ವಸ್ತುವಿಗೆ ತಕ್ಕಂತೆ ಅಳತೆಗೋಲನ್ನು ಹಿಗ್ಗಿಸಿ ಕುಗ್ಗಿಸುವ ಈ ಸೌಲಭ್ಯ ಬಟ್ಟೆ ಅಳೆಯುವವರಿಗೆ ಸಿಕ್ಕಿದ್ದರೆ ಅದನ್ನು ಮೋಸವೆಂದು ಕರೆಯುತ್ತಿದ್ದರು.

ಪ್ರತಿ ತಿಂಗಳ ಮೂರನೆಯ ತಾರೀಖಿನಂದು ಇನ್ನೊಂದು ಪ್ರಹಸನ ನಡೆಯುತ್ತದೆ. ಮೂರು ದಿನಗಳ ಮಾರಾಟವನ್ನು ಕಳೆದ ಇಡೀ ತಿಂಗಳಿನೊಂದಿಗೆ ತೂಗಿದ ಪರದೆ ಶೇ. 90ರ ಕುಸಿತವನ್ನು ಘೋಷಿಸುತ್ತದೆ, ತುರ್ತು ಸಭೆ ಸೇರುತ್ತದೆ, ಕಾರಣ ಹುಡುಕುವ ಸಮಿತಿಯೂ ಹುಟ್ಟುತ್ತದೆ; ಸಮಿತಿ ವರದಿ ಕೊಡುವ ಹೊತ್ತಿಗೆ ತಿಂಗಳು ತುಂಬಿ ಕುಸಿತ ತಾನಾಗಿಯೇ ಮಾಯವಾಗಿರುವುದರಿಂದ ಸಮಿತಿಗೂ ಪ್ರಶಂಸೆ ಸಲ್ಲುತ್ತದೆ. ಮೂರು ದಿನಕ್ಕೆ ಕಳೆದ ತಿಂಗಳ ಮೊದಲ ಮೂರು ದಿನಗಳನ್ನೇ ಹೋಲಿಸಬೇಕು, ದಿನದ ಸರಾಸರಿಯನ್ನು ನೋಡಬೇಕು, ಕಳೆದ ವರ್ಷದ ಇದೇ ತಾರೀಖು ವಾರದ ಬೇರೆ ದಿನಕ್ಕೆ ಬೀಳುವುದರಿಂದ ಸೋಮವಾರವನ್ನು ಭಾನುವಾರದೊಂದಿಗೆ ತೂಗುವ ಬದಲು ಸರಿಯಾಗಿ 364 ದಿನ, ಅಂದರೆ ಐವತ್ತೆರಡು ವಾರ, ಹಿಂದಕ್ಕೆ ಹೋಗಬೇಕು ಎಂದೆಲ್ಲ ಹೇಳುವ ವಿಶ್ಲೇಷಕನೊಬ್ಬ ಎಲ್ಲ ಕಚೇರಿಯಲ್ಲಿಯೂ ಇರುತ್ತಾನೆ. ಅವನು ಹಾಗೆ ತಿದ್ದಿ ತಂದ ನಕ್ಷೆಯಲ್ಲಿ ಗೆರೆ ಬಹುಮಟ್ಟಿಗೆ ಚಪ್ಪಟೆಯಾಗಿರುತ್ತದೆ. ಚಪ್ಪಟೆ ಗೆರೆಗೆ ಚಪ್ಪಾಳೆ ಬೀಳುವುದಿಲ್ಲವಾದ್ದರಿಂದ ಹಳೆಯ ನಕ್ಷೆಯನ್ನೇ ಉಳಿಸಿಕೊಂಡು, ಅದರ ಬಣ್ಣವನ್ನು ಮಾತ್ರ ಇನ್ನಷ್ಟು ಗಾಢಗೊಳಿಸುವಂತೆ ಅವನಿಗೆ ಸೂಚಿಸಲಾಗುತ್ತದೆ. (ಕೆಲವು ವರ್ಷಗಳಿಗೆ ಐವತ್ತಮೂರನೆಯ ವಾರವೂ ಇರುತ್ತದೆ ಎಂಬುದನ್ನು ಅವನು ಇನ್ನೂ ಬಾಯಿಬಿಟ್ಟು ಹೇಳಿಲ್ಲ, ಸಂಸಾರಸ್ಥ.)

ಇನ್ನು ಸನ್ಮಾನದ ದಿನಾಂಕದ ವಿಚಾರ. ಅದನ್ನು ಫೆಬ್ರವರಿ 30ರಂದು ಇಟ್ಟುಕೊಳ್ಳುವುದು ಸೂಕ್ತ. ಅಂಥ ದಿನವೇ ಇಲ್ಲವೆಂದು ಆಕ್ಷೇಪಿಸುವವರು, ಕ್ಯಾಲೆಂಡರಿನ ಗೊಂದಲ ಸರಿಪಡಿಸಲು ಸ್ವೀಡನ್ 1712ರಲ್ಲಿ ಫೆಬ್ರವರಿ 30ನ್ನು ನಿಜವಾಗಿಯೂ ಆಚರಿಸಿತ್ತೆಂಬುದನ್ನು ಗಮನಿಸಬೇಕು. ಕಸ್ಟಮ್ ಅವಧಿಯಲ್ಲಿ ಆ ದಿನವನ್ನೇ ಆರಿಸಿಕೊಂಡರಾಯಿತು. ಅಂದು ಕಂಪನಿಯ ಮಾರಾಟ ಸೊನ್ನೆಯಿತ್ತು, ಆದ್ದರಿಂದ ಬಾಣ ಹಸಿರಾಗಿಯೇ ಇರುತ್ತದೆ.