ಸೈನ್ಸ್ ತಗೊಂಡ್ರೆ ಏನು ಬೇಕಾದ್ರೂ ಆಗಬಹುದಂತೆ

ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗನಿಗೆ ಪೂರ್ತಿ ಸ್ವಾತಂತ್ರ್ಯ ಇದೆ. ಅವನು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್ ಜೊತೆ ಬಯಾಲಜಿ ಇರುವ ಪಿಸಿಎಂಬಿ ತಗೋಬಹುದು, ಬಯಾಲಜಿ ಬದಲು ಕಂಪ್ಯೂಟರ್ ಇರುವ ಪಿಸಿಎಂಸಿ ತಗೋಬಹುದು. ತೀರಾ ಹಠಮಾರಿಯಾದರೆ ಎಲೆಕ್ಟ್ರಾನಿಕ್ಸ್ ಇರುವ ಪಿಸಿಎಂಇ ಕೂಡ ಇದೆ. ಇಷ್ಟೆಲ್ಲ ಕೊಟ್ಟ ಮೇಲೂ "ಏನು ಓದಬೇಕು ಅಂತ ಗೊತ್ತಾಗ್ತಿಲ್ಲ" ಅನ್ನುವ ಮಕ್ಕಳಿದ್ದಾರೆ. ಅಂಥವರಿಗಾಗಿಯೇ ಪ್ರತಿ ಮನೆಗೂ ಒಬ್ಬ ಮಾವ ಇರುತ್ತಾರೆ. ಮಾವನ ಹತ್ತಿರ ಒಂದು ವಾಕ್ಯ ಇರುತ್ತದೆ: "ಸೈನ್ಸ್ ತಗೋ, ಮುಂದೆ ಏನು ಬೇಕಾದ್ರೂ ಆಗಬಹುದು."

ಈ ವಾಕ್ಯದ ಮೇಲೆ ನನಗೆ ತುಂಬಾ ಗೌರವ. ಇದಕ್ಕೆ ಸೋಲೇ ಇಲ್ಲ. ಹುಡುಗ ವಕೀಲ ಆಗಬೇಕಾ? ಮೊದಲು ಸೈನ್ಸ್, ಆಮೇಲೆ ಲಾ. ಬ್ಯಾಂಕಿನ ಕೆಲಸವಾ? ಸೈನ್ಸ್ ಓದಿದವನಿಗೆ ಲೆಕ್ಕ ಚೆನ್ನಾಗಿ ಬರುತ್ತದೆ. ಫೋಟೊ ತೆಗೆಯುವ ಹುಚ್ಚಾ? ಒಂದು ಬಿಇ ಕೈಯಲ್ಲಿರಲಿ, ಕ್ಯಾಮೆರಾ ಎಲ್ಲಿಗೂ ಓಡಿಹೋಗಲ್ಲ. ಕನ್ನಡ ಸಾಹಿತ್ಯ ಓದುತ್ತೇನೆ ಅಂದ ಹುಡುಗನಿಗೂ ಮಾವ ದಾರಿ ತೋರಿಸುತ್ತಾರೆ: ಪಿಯುಸಿಯಲ್ಲಿ ಪಿಸಿಎಂಬಿ, ಆಮೇಲೆ ನಾಲ್ಕು ವರ್ಷ ಇಂಜಿನಿಯರಿಂಗ್, ಆಮೇಲೆ ಎಜುಕೇಶನ್ ಲೋನ್ ತೀರಿಸಲು ಎರಡು ವರ್ಷ ಸಾಫ್ಟ್‌ವೇರ್ ಕಂಪನಿ, ಆಮೇಲೆ ರಾಜೀನಾಮೆ ಬಿಸಾಕಿ ವಿಜಯನಗರದಲ್ಲೋ ದೆಹಲಿಯಲ್ಲೋ ಒಂದು ರೂಮು ಮಾಡಿಕೊಂಡು ಯುಪಿಎಸ್‌ಸಿಗೆ ತಯಾರಿ, ಅಲ್ಲಿ ಐಚ್ಛಿಕ ವಿಷಯವಾಗಿ ಕನ್ನಡ ಸಾಹಿತ್ಯ! ಹಳಗನ್ನಡದ ಒಂದು ಪದ್ಯ ಮುಟ್ಟಬೇಕಾದರೆ ಕ್ಯಾಲ್ಕುಲಸ್, ಫೋರಿಯರ್ ಸರಣಿ, ಲ್ಯಾಪ್ಲಾಸ್ ಎಲ್ಲ ದಾಟಿ ಎಂಟು ವರ್ಷ ಸುತ್ತಿ ಬರಬೇಕು. ಮಾವ ಇದನ್ನು ತಮಾಷೆಗೆ ಹೇಳುವುದಿಲ್ಲ. ಹೀಗೇ ಮಾಡಿ ಪಾಸಾದವರು ನಿಜವಾಗಿಯೂ ಇದ್ದಾರೆ, ಅದೇ ತೊಂದರೆ.

ಮಾವನ ಮಾತು ಸಾಲದವರಿಗೆ ಉಚಿತ ವೃತ್ತಿ ಮಾರ್ಗದರ್ಶನ ಶಿಬಿರ ಇದೆ. ಮದುವೆ ಇಲ್ಲದ ಭಾನುವಾರ ನೋಡಿಕೊಂಡು ಕಲ್ಯಾಣ ಮಂಟಪದಲ್ಲಿ ನಡೆಸುತ್ತಾರೆ. ಸರಿಯಾದ ಜಾಗ. ಹಿಂದಿನ ಕಾಲದ ಮದುವೆಯ ಹಾಗೆ ಇಲ್ಲೂ ಮಾತುಕತೆ ಎಲ್ಲ ದೊಡ್ಡವರ ನಡುವೆ, ತಲೆ ತಗ್ಗಿಸಿ ಕೂರುವುದಷ್ಟೇ ಮಗುವಿನ ಕೆಲಸ. ವೇದಿಕೆ ಮೇಲೆ ಕೋಟು ಹಾಕಿದ ಒಬ್ಬರು ಮೈಕ್ ಹಿಡಿದು "ನಿಮ್ಮ ಮಗುವಿನ ಒಳಗೆ ಏನಿದೆ ಅಂತ ನಿಮಗೆ ಗೊತ್ತಾ?" ಎಂದು ಕೇಳುತ್ತಾರೆ. ಅಪ್ಪ ಅಮ್ಮ ಗಾಬರಿಯಿಂದ ಮಗುವನ್ನು ನೋಡುತ್ತಾರೆ. ಒಳಗೆ ಏನಿದೆ ಅಂತ ತಿಳಿಯಲು ಒಂದು ಆಪ್ಟಿಟ್ಯೂಡ್ ಟೆಸ್ಟ್. ಗಿಡ, ನಾಯಿಮರಿ ಇಷ್ಟ ಅಂದರೆ ಮೆಡಿಕಲ್. ಮಿಕ್ಸಿ ಬಿಚ್ಚಿ ನೋಡುವ ಚಾಳಿ ಇದ್ದರೆ ಇಂಜಿನಿಯರಿಂಗ್. ಜಾಸ್ತಿ ಮಾತಾಡುವವಳಾದರೆ ಕಂಪ್ಯೂಟರ್ ಸೈನ್ಸ್, ಮುಂದೆ ಟೀಮ್ ಲೀಡರ್ ಆಗುತ್ತಾಳೆ. ಮಾತೇ ಆಡದವನಾದರೂ ಕಂಪ್ಯೂಟರ್ ಸೈನ್ಸ್, ಕೋಡಿಂಗ್‌ಗೆ ಅಂಥವರೇ ಬೇಕಂತೆ. ಚಿತ್ರ ಬಿಡಿಸುತ್ತಾನೆ ಅಂದರೆ "ಬಯಾಲಜಿ ಡಯಾಗ್ರಂಗೆ ಒಳ್ಳೇದು" ಅನ್ನುತ್ತಾರೆ. ಆಮೇಲೆ ಸ್ಕಾಲರ್‌ಶಿಪ್ ಪರೀಕ್ಷೆ. ಅದರಲ್ಲಿ ಸ್ಕಾಲರ್‌ಶಿಪ್ ಸಿಗದ ಮಗುವನ್ನು ನಾನಂತೂ ಇವತ್ತಿನವರೆಗೆ ಕಂಡಿಲ್ಲ. ಇಷ್ಟು ಪರ್ಸೆಂಟ್ ರಿಯಾಯಿತಿ, ಆದರೆ ಈ ಭಾನುವಾರದೊಳಗೆ ಅಡ್ವಾನ್ಸ್ ಕಟ್ಟಿದರೆ ಮಾತ್ರ. ರಿಯಾಯಿತಿ ಕಳೆದು ಉಳಿದದ್ದು ಎಷ್ಟು ಅಂತ ನೋಡಿದರೆ, ಸೈಟು ಬೇಕಾ ಪಿಯುಸಿ ಬೇಕಾ ಅಂತ ಯೋಚಿಸಬೇಕಾಗುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಇನ್ನೂ ಆಗಿಲ್ಲ, 625ಕ್ಕೆ ಎಷ್ಟು ಬರುತ್ತೆ ಅಂತ ದೇವರಿಗೂ ಗೊತ್ತಿಲ್ಲ, ಆದರೆ ಹುಡುಗ ಯಾವ ಹಾಸ್ಟೆಲಿನ ಯಾವ ಮಹಡಿಯಲ್ಲಿ ಮಲಗುತ್ತಾನೆ ಎಂಬುದು ಜನವರಿಯಲ್ಲೇ ತೀರ್ಮಾನ.

ಸರ್ಕಾರ ಸುಮ್ನೆ ಕೂತಿದೆ ಅಂತ ತಿಳಿಯಬೇಡಿ. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಮಾರ್ಗಸೂಚಿ ಹೊರಡಿಸಿತು. 16 ವರ್ಷದೊಳಗಿನ ಮಕ್ಕಳನ್ನು ಕೋಚಿಂಗ್ ಸೆಂಟರ್‌ಗೆ ಸೇರಿಸಿಕೊಳ್ಳಬಾರದು, ರ‍್ಯಾಂಕ್ ಗ್ಯಾರಂಟಿ ಎಂದು ಹೇಳಬಾರದು. ಒಳ್ಳೆಯ ಮಾತು. ಆದರೆ ಕೋಚಿಂಗ್ ಈಗ ಸೆಂಟರಿನಲ್ಲಿ ಎಲ್ಲಿದೆ? ಅದು ಶಾಲೆಯ ಒಳಗೇ ಬಂದು ಕೂತಿದೆ. ಆರನೇ ಕ್ಲಾಸಿನಲ್ಲಿ ಅದರ ಹೆಸರು ಫೌಂಡೇಶನ್, ಪಿಯುಸಿಯಲ್ಲಿ ಇಂಟಿಗ್ರೇಟೆಡ್. ಆರನೇ ಕ್ಲಾಸಿನ ಹುಡುಗ ಇನ್ನೂ ಹಾಲುಹಲ್ಲು ಪೂರ್ತಿ ಉದುರಿಸಿರುವುದಿಲ್ಲ, ಆಗಲೇ ಮೆಡಿಕಲ್ ಪ್ರವೇಶ ಪರೀಕ್ಷೆಯಾದ ನೀಟ್‌ಗೆ ಪಾಯ ತೋಡಿಸಿಕೊಳ್ಳುತ್ತಿರುತ್ತಾನೆ.

ಈಗಿನ ದೊಡ್ಡ ಆಕರ್ಷಣೆ ಅಂದರೆ ಕೋಟಾ ಫ್ಯಾಕಲ್ಟಿ, ಅಂದರೆ ಕೋಚಿಂಗಿಗೆ ಹೆಸರಾದ ರಾಜಸ್ಥಾನದ ಕೋಟಾ ನಗರದ ಮೇಷ್ಟ್ರುಗಳು. "ಇನ್ನು ರಾಜಸ್ಥಾನಕ್ಕೆ ಹೋಗಬೇಕಿಲ್ಲ, ಕೋಟಾ ನಿಮ್ಮೂರಿಗೇ ಬಂದಿದೆ" ಎಂದು ಬಸ್ಸಿನ ಹಿಂದೆ ಬರೆಸುತ್ತಾರೆ. ಬರೆಸುವವರು ಕೋಟಾದ ಸುದ್ದಿ ಓದುತ್ತಾರೋ ಇಲ್ಲವೋ. ಅಲ್ಲಿ ಮಕ್ಕಳ ಆತ್ಮಹತ್ಯೆ ನಿಲ್ಲಲಿಲ್ಲವೆಂದು 2023ರ ಆಗಸ್ಟ್‌ನಲ್ಲಿ ಜಿಲ್ಲಾಡಳಿತ ಒಂದು ಆದೇಶ ಮಾಡಿತು: ಹಾಸ್ಟೆಲ್, ಪಿಜಿಗಳ ಸೀಲಿಂಗ್ ಫ್ಯಾನುಗಳಿಗೆ ಸ್ಪ್ರಿಂಗ್ ಹಾಕಿಸಬೇಕು. ಇದರ ಮೇಲೆ ನಾನು ಜೋಕು ಮಾಡಲಾರೆ, ಆದೇಶವೇ ಸಾಕು. ಅಂದಹಾಗೆ ನಮ್ಮ ಉಡುಪಿ ಜಿಲ್ಲೆಯಲ್ಲೂ ಒಂದು ಕೋಟ ಇದೆ. ಅಲ್ಲಿನ ಶಿವರಾಮ ಕಾರಂತರು ಅಸಹಕಾರ ಚಳವಳಿಯ ಹೊತ್ತಿಗೆ ಕಾಲೇಜು ಬಿಟ್ಟು ಹೊರಟವರು. ಆ ಕೋಟದ ಫ್ಯಾಕಲ್ಟಿಯನ್ನು ಯಾರೂ ಬಸ್ಸಿನ ಹಿಂದೆ ಬರೆಸಲಾರರು, ಅಡ್ಮಿಷನ್ ಕ್ಯಾನ್ಸಲ್ ಆಗುತ್ತದೆ.

ಒಳಗೆ ಸೇರಿದ ಮೇಲೆ ಹುಡುಗನಿಗೆ ಕಲಿಸುವ ಜೀವನದರ್ಶನ ನೋಡಿ, ಅದು ಎರಡು ಭಾಗದಲ್ಲಿದೆ. ನೀಟ್‌ನಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತಾರೆ. ಇಂಜಿನಿಯರಿಂಗ್ ಸೀಟಿಗೆ ರಾಜ್ಯ ನಡೆಸುವ ಸಿಇಟಿಯಲ್ಲಿ ಕಳೆಯುವುದಿಲ್ಲ. ಹಾಗಾಗಿ ಬೆಳಗ್ಗೆ ಬರುವ ಮೇಷ್ಟ್ರು "ಗೊತ್ತಿಲ್ಲದಿದ್ದರೆ ಮುಟ್ಟಬೇಡ" ಅನ್ನುತ್ತಾರೆ. ಮಧ್ಯಾಹ್ನ ಬರುವ ಮೇಷ್ಟ್ರು "ಗೊತ್ತಿಲ್ಲದಿದ್ದರೂ ಒಂದನ್ನೂ ಖಾಲಿ ಬಿಡಬೇಡ" ಅನ್ನುತ್ತಾರೆ. ಎರಡು ವರ್ಷ ಇದನ್ನೇ ಕೇಳಿದ ಹುಡುಗ ರಜೆಗೆ ಮನೆಗೆ ಬಂದಾಗ, ಇಡ್ಲಿ ಬೇಕಾ ದೋಸೆ ಬೇಕಾ ಅಂತ ಅಮ್ಮ ಕೇಳಿದರೆ, ನೆಗೆಟಿವ್ ಮಾರ್ಕ್ ಇದೆಯಾ ಇಲ್ಲವಾ ಅಂತ ಮೊದಲು ಯೋಚಿಸುತ್ತಾನೆ.

ಪ್ರಶ್ನೆ ಕೇಳುವುದು ಅವರ ಕೆಲಸ, ಉತ್ತರದ ವೃತ್ತ ಕಪ್ಪು ಮಾಡುವುದು ನಮ್ಮ ಕೆಲಸ ಅಂತ ಎಲ್ಲ ಸರಾಗವಾಗಿ ನಡೆಯುತ್ತಿರುವಾಗ, 2024ರ ಸಿಇಟಿಯಲ್ಲಿ ದೊಡ್ಡ ಗಲಾಟೆಯಾಯಿತು. ಸಿಲಬಸ್ಸಿನಿಂದ ಕೈಬಿಟ್ಟ ಪಾಠಗಳಿಂದ ಪ್ರಶ್ನೆ ಬಂದಿದ್ದವು. ಕೊನೆಗೆ 50 ಪ್ರಶ್ನೆ ಬಿಟ್ಟು ಮೌಲ್ಯಮಾಪನ ಮಾಡಿದರು. ಮಕ್ಕಳ ಸಿಟ್ಟು ನ್ಯಾಯವಾದದ್ದೇ. ಓದಲು ಕೊಡದ್ದನ್ನು ಕೇಳಿದರೆ ಯಾರು ಸುಮ್ಮನಿರುತ್ತಾರೆ? ಆದರೆ ನನಗೆ ಬೇರೆ ಒಂದು ದೃಶ್ಯ ತಮಾಷೆ ಅನ್ನಿಸಿತು. ಸಿಲಬಸ್ಸಿನಿಂದ ಆಚೆಗೆ ಮಕ್ಕಳನ್ನು ಯಾರಾದರೂ ಏನಾದರೂ ಕೇಳಿದ್ದು ಬಹುಶಃ ಅದೇ ಮೊದಲು, ಅದೂ ಅಚಾತುರ್ಯದಿಂದ.

ಫಲಿತಾಂಶದ ದಿನ ಊರಿಗೆ ಫ್ಲೆಕ್ಸ್ ಬರುತ್ತದೆ. ಮೇಲೆ ಸಂಸ್ಥಾಪಕರ ದೊಡ್ಡ ಫೋಟೊ, ಕೆಳಗೆ ಕಡಲೆಕಾಳು ಸೈಜಿನಲ್ಲಿ ಮಕ್ಕಳು. ಓದಿದ್ದು ಯಾರು ಅಂತ ಸೈಜು ನೋಡಿ ಹೇಳುವುದು ಕಷ್ಟ. ಮೊದಲ ರ‍್ಯಾಂಕಿನ ಹುಡುಗಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಂಸ್ಥೆಯ ಹೆಮ್ಮೆ, ಸರ್ಕಲ್‌ನಲ್ಲಿ ಇನ್ನೊಂದು ಸಂಸ್ಥೆಯ ಹೆಮ್ಮೆ, ರೈಲ್ವೆ ಗೇಟ್ ದಾಟಿದರೆ ಮೂರನೆಯದರ ಹೆಮ್ಮೆ. ಒಂದು ಕಡೆ ಓದಿರುತ್ತಾಳೆ, ಇನ್ನೊಂದು ಕಡೆ ಟೆಸ್ಟ್ ಸೀರೀಸ್ ಬರೆದಿರುತ್ತಾಳೆ, ಮತ್ತೊಂದು ಕಡೆ ಯಾವತ್ತೋ ಅಪ್ಲಿಕೇಶನ್ ಕೇಳಲು ಹೋಗಿ ಫೋನ್ ನಂಬರ್ ಕೊಟ್ಟಿರುತ್ತಾಳೆ. 2024ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇದಕ್ಕೂ ನಿಯಮ ತಂದಿತು. ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಫೋಟೊ ಹಾಕಬಾರದು, ಅವರು ಯಾವ ಕೋರ್ಸು ತಗೊಂಡಿದ್ದರು ಅನ್ನುವುದನ್ನು ಮುಚ್ಚಿಡಬಾರದು. ನಿಯಮ ಚೆನ್ನಾಗಿದೆ. ಕಂಬದಿಂದ ಕಂಬಕ್ಕೆ ಕಟ್ಟಿದ ಫ್ಲೆಕ್ಸನ್ನು ಓದುವ ವ್ಯವಧಾನ ಪ್ರಾಧಿಕಾರಕ್ಕೆ ಸಿಗಲಿ.

ಫ್ಲೆಕ್ಸ್ ಅಂಗಡಿಯವರ ಸುವರ್ಣಯುಗ ಅಂದರೆ 2024ರ ಜೂನ್. ನೀಟ್‌ನಲ್ಲಿ ಒಂದೇ ಸಲ 67 ಜನ 720ಕ್ಕೆ 720 ತೆಗೆದು ಮೊದಲ ರ‍್ಯಾಂಕ್ ಬಂದರು. ಗ್ರೇಸ್ ಮಾರ್ಕ್ಸ್, ಮರುಪರೀಕ್ಷೆ, ಸುಪ್ರೀಂ ಕೋರ್ಟ್ ಎಲ್ಲ ಆಗಿ ಜುಲೈ ಕೊನೆಗೆ ಪರಿಷ್ಕೃತ ಪಟ್ಟಿ ಬಂದಾಗ ಪೂರ್ತಿ ಅಂಕದವರು 17 ಜನ ಉಳಿದರು. ಉಳಿದ 50 ಮಕ್ಕಳು ಅದೇ ಮಕ್ಕಳು, ಅಷ್ಟೇ ಓದಿದ್ದರು. ಮೇಲಿನವರು ಲೆಕ್ಕ ಬದಲಿಸಿದರು, ಇವರು ಫ್ಲೆಕ್ಸ್‌ನಲ್ಲಿ ಕೆಳಗಿನ ಸಾಲಿಗೆ ಬಂದರು.

ಸೀಟು ಸಿಗದವರಿಗೆ ಲಾಂಗ್ ಟರ್ಮ್ ಇದೆ. ಅಂದರೆ ಇನ್ನೊಂದು ವರ್ಷ, ಅದೇ ಪುಸ್ತಕ, ಇನ್ನೊಂದು ಫೀಸು. ಅದರ ಬಗ್ಗೆ ಹೇಳಲು ಹೊಸದೇನಿಲ್ಲ, ಅಲ್ಲಿ ಕಲಿಯಲೂ ಹೊಸದೇನಿಲ್ಲ.

ಇನ್ನು ಸಿಇಟಿ ಕೌನ್ಸೆಲಿಂಗ್, ಅಂದರೆ ಸೀಟು ಹಂಚಿಕೆ. ಮೊದಲು ಮೀಸಲಾತಿಯ ಕಾಗದಗಳು. ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ನಾಡಕಚೇರಿ ಕೊಡುವ ಆರ್‌ಡಿ ನಂಬರ್, ಹತ್ತು ವರ್ಷ ಹಳ್ಳಿಯಲ್ಲಿ ಓದಿದ್ದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಹಿ, ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಮತ್ತೆ ಅವರದೇ ಸಹಿ. ಕನ್ನಡದಲ್ಲಿ ಓದಿದ್ದರಿಂದ ಜೀವನದಲ್ಲಿ ಏನಾದರೂ ಉಪಯೋಗ ಆದರೆ ಅದು ಈ ಒಂದು ದಿನ, ಈ ಒಂದು ಸಹಿಯಿಂದ. ಆಮೇಲೆ ಆಪ್ಶನ್ ಎಂಟ್ರಿ. ನೂರಾರು ಕಾಲೇಜು, ಕೋಡುಗಳು. ಹದಿನೆಂಟು ವರ್ಷ ತುಂಬಿದ, ಈಗ ಓಟು ಹಾಕಬಹುದಾದ ಹುಡುಗನ ಮುಂದೆ ಕೊನೆಗೂ ಆಯ್ಕೆ ಎಂಬುದು ಬಂದು ನಿಲ್ಲುತ್ತದೆ. ಚಾಯ್ಸ್ 1: ಸೀಟು ಒಪ್ಪಿದ್ದೇನೆ, ಸೇರುತ್ತೇನೆ. ಚಾಯ್ಸ್ 2: ಒಪ್ಪಿದ್ದೇನೆ, ಆದರೆ ಇನ್ನೂ ಒಳ್ಳೆಯದು ಸಿಕ್ಕರೆ ನೋಡೋಣ. ಚಾಯ್ಸ್ 3: ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ಚಾಯ್ಸ್ 4: ನಿಮ್ಮ ಸಹವಾಸವೇ ಬೇಡ. ಎಷ್ಟು ಸ್ಪಷ್ಟ, ಎಷ್ಟು ಚಂದ! ಆದರೆ ಪಾಸ್‌ವರ್ಡ್ ಸೈಬರ್ ಅಂಗಡಿಯವನ ಹತ್ತಿರ ಇರುತ್ತದೆ, ಒಟಿಪಿ ಅಪ್ಪನ ಮೊಬೈಲಿಗೆ ಬರುತ್ತದೆ, ಕಾಲೇಜುಗಳ ಪಟ್ಟಿ ಮಾವ ವಾಟ್ಸಾಪ್‌ನಲ್ಲಿ ಕಳಿಸಿರುತ್ತಾರೆ. ಹುಡುಗ ಹಿಂದಿನ ಸ್ಟೂಲಿನ ಮೇಲೆ ಕೂತು ಸ್ಕ್ರೀನ್ ಇಣುಕುತ್ತಿರುತ್ತಾನೆ.

ಬ್ರಾಂಚ್ ವಿಷಯದಲ್ಲಂತೂ ತುಂಬಾ ವೈವಿಧ್ಯ. ಕಂಪ್ಯೂಟರ್ ಸೈನ್ಸ್. ಕಂಪ್ಯೂಟರ್ ಸೈನ್ಸ್ ವಿತ್ ಎಐ. ಕಂಪ್ಯೂಟರ್ ಸೈನ್ಸ್ ವಿತ್ ಡೇಟಾ ಸೈನ್ಸ್. ಕಂಪ್ಯೂಟರ್ ಸೈನ್ಸ್ ವಿತ್ ಸೈಬರ್ ಸೆಕ್ಯುರಿಟಿ. ಎಐ ವಿತ್ ಡೇಟಾ ಸೈನ್ಸ್. ಈ ಸೀಟುಗಳಿಗೆ ಇದ್ದ ಮೇಲ್ಮಿತಿಯನ್ನು ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಎಐಸಿಟಿಇ 2024-25ರಿಂದ ತೆಗೆದುಹಾಕಿದ ಮೇಲೆ ಬೇಡಿಕೆ ಇರುವ ಕಾಲೇಜುಗಳಿಗೆ ಹಬ್ಬ. ಸಿವಿಲ್, ಮೆಕ್ಯಾನಿಕಲ್ ವಿಭಾಗದ ಮೇಷ್ಟ್ರುಗಳು ಮಾತ್ರ ಖಾಲಿ ಬೆಂಚು ನೋಡಿಕೊಂಡು ಹಾಜರಿ ಕೂಗುತ್ತಾರೆ. ಸೇತುವೆ ಕಟ್ಟುವವರು ಯಾರು ಅಂತ ಕೇಳಿದೆ. "ಅದನ್ನೂ ಎಐ ಮಾಡುತ್ತೆ" ಅಂದರು ಮಾವ.

ಇಷ್ಟರ ನಡುವೆ ನಮ್ಮ ಪರಿಚಯದ ಮನೆಯೊಂದರಲ್ಲಿ ಒಂದು ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ 590 ತೆಗೆದು ಆರ್ಟ್ಸ್ ಸೇರಿಬಿಟ್ಟಳು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಸರ್ಕಾರಿ ಕಾಲೇಜು, ಮನೆಯಿಂದ ನಡೆದು ಹೋಗುವಷ್ಟು ದೂರ. ಸುದ್ದಿ ಕೇಳಿದ ನೆಂಟರು ಬಾಳೆಹಣ್ಣು ತಗೊಂಡು ನೋಡಲು ಬಂದರು. ದೊಡ್ಡಮ್ಮ ಮೆಲ್ಲಗೆ ಅಡುಗೆಮನೆಗೆ ಹೋಗಿ ಕೇಳಿದರು.

"ಏನಾಯ್ತೇ? ಮಾರ್ಕ್ಸ್ ಕಮ್ಮಿ ಬಂತಾ?"

"ಇಲ್ಲ ಅಕ್ಕ, 590 ಬಂದಿದೆ."

"ದುಡ್ಡಿಂದು ತೊಂದರೆನಾ? ನಮ್ಮನ್ನ ಕೇಳಬಾರದಿತ್ತಾ?"

"ಅದೂ ಅಲ್ಲ. ಅವಳಿಗೆ ಹಿಸ್ಟರಿ ಇಷ್ಟ ಅಂತೆ."

ದೊಡ್ಡಮ್ಮ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. "ಊಟ ಸರಿಯಾಗಿ ಮಾಡ್ತಾಳಾ?" ಅಂದರು. ಮಾಡ್ತಾಳೆ. "ರಾತ್ರಿ ನಿದ್ದೆ?" ಚೆನ್ನಾಗಿ ಮಾಡ್ತಾಳೆ, ಅದೇ ವಿಚಿತ್ರ, ಪಿಯುಸಿ ಓದೋ ಹುಡುಗಿ ಹತ್ತು ಗಂಟೆಗೆ ಮಲಗ್ತಾಳೆ. ಹೊರಗೆ ಹಾಲಿನಲ್ಲಿ ಮಾವ ಹುಡುಗಿಯನ್ನೇ ವಿಚಾರಿಸುತ್ತಿದ್ದರು. ಮುಂದೆ ಏನು ಮಾಡ್ತೀಯಮ್ಮ? ಅವಳು ಬಿಎ ಮಾಡ್ತೀನಿ, ಶಾಸನ ಓದೋದು ಕಲೀತೀನಿ, ಆಗದಿದ್ದರೆ ಮೇಷ್ಟ್ರಾಗ್ತೀನಿ ಅಂತ ಹೇಳಿದಳು. ಆ ಮಂಟಪದ ಶಿಬಿರದಲ್ಲಿ ಕೂತಿದ್ದ ಯಾವ ಮಗುವಿನ ಬಾಯಿಂದಲೂ ಇಷ್ಟು ಸ್ಪಷ್ಟವಾದ ಯೋಜನೆ ಬಂದಿರಲಿಕ್ಕಿಲ್ಲ. ಮಾವ ಕಾಫಿ ಲೋಟ ಕೆಳಗಿಟ್ಟು, ಹುಡುಗಿಯ ಅಪ್ಪನನ್ನು ಜಗುಲಿಗೆ ಕರೆದುಕೊಂಡು ಹೋಗಿ, ಹೆಗಲ ಮೇಲೆ ಕೈಯಿಟ್ಟು ಧೈರ್ಯ ಹೇಳಿದರು: "ತಲೆ ಕೆಡಿಸಿಕೋಬೇಡಿ ಭಾವ. ಡಿಗ್ರಿ ಆದಮೇಲೆ ಒಂದು ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿಸಿಬಿಟ್ಟರೆ ಎಲ್ಲ ಸರಿಹೋಗುತ್ತೆ."